ಗೇಟಧಿಕರಣ: ವಿಮಾನ ಮೀಮಾಂಸೆಯ ಮೊದಲ ಪಾದ

ಯಾವ ವಿಮಾನವನ್ನು ಯಾವ ಗೇಟಿನಲ್ಲಿ ನಿಲ್ಲಿಸಬೇಕು? ‘ಖಾಲಿ ಇರುವ ಕಡೆ’ ಎಂದು ಲೌಕಿಕರು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಶಾಸ್ತ್ರಕ್ಕೆ ಇಷ್ಟು ಸುಲಭದ ಉತ್ತರ ಒಗ್ಗದು. ಆದ್ದರಿಂದ ಮೀಮಾಂಸಕರ ಕ್ರಮದಂತೆ ಐದು ಅಂಗಗಳಲ್ಲಿ ವಿಚಾರ ನಡೆಸಲಾಗಿದೆ.

ವಿಷಯ: ವಿಮಾನಗಳಲ್ಲೂ ಪಂಕ್ತಿಭೇದವುಂಟು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ರೆಕ್ಕೆಯ ಅಗಲ ಅಳೆದು ಎ ಇಂದ ಎಫ್‌ವರೆಗೆ ಎಲೆ ಹಾಕಿಸಿದೆ. 36 ಮೀಟರಿನೊಳಗಿದ್ದರೆ ಸಿ ಪಂಕ್ತಿ, 65ರೊಳಗಿದ್ದರೆ ಇ, 80ರೊಳಗಿದ್ದರೆ ಎಫ್. ಏರ್‌ಬಸ್ ಎ380ರ ರೆಕ್ಕೆ 79.75 ಮೀಟರ್, ಪಂಕ್ತಿಯ ಅಂಚಿಗೆ ಉಳಿದದ್ದು ಒಂದು ಗೇಣು. ಬೋಯಿಂಗ್ 777-9 ಇನ್ನೂ ಜಾಣ. ಹಾರುವಾಗ ಅದರ ರೆಕ್ಕೆ ಸುಮಾರು 72 ಮೀಟರ್. ಆದರೆ ಇ ಪಂಕ್ತಿಯಲ್ಲೇ ಕೂರಬೇಕೆಂಬ ಹಟಕ್ಕೆ ಬಿದ್ದು, ನೆಲದ ಮೇಲೆ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಮಡಚಿ, 65ಕ್ಕಿಂತ ಕೊಂಚ ಕಿರಿದಾಗಿ ಒಳಗೆ ತೂರಿಕೊಳ್ಳುತ್ತದೆ.

ಸಂಶಯ: ಹತ್ತು ವಿಮಾನ, ಹತ್ತು ಗೇಟು ಎಂದರೆ 36,28,800 ಬಗೆಯ ಹಂಚಿಕೆ. ಮೂವತ್ತಕ್ಕೆ ಮೂವತ್ತಾದರೆ ಆ ಸಂಖ್ಯೆಗೆ 33 ಅಂಕಿ. ಹುಬ್ಬಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಫ್ರಾಂಕ್‌ಫರ್ಟ್ ವಿಮಾನ ಹತ್ತುವವರು ತೊಡಕನ್ನು ಇನ್ನಷ್ಟು ಬಿಗಿಗೊಳಿಸುತ್ತಾರೆ: ಇಳಿಯುವ ಗೇಟು, ಹತ್ತುವ ಗೇಟು ಎರಡೂ ನಿಶ್ಚಯವಾಗದೆ ಅವರ ನಡಿಗೆ ಎಷ್ಟೆಂದು ಹೇಳಲಾಗದು. ಇದೇ ಗಂಟನ್ನು 1957ರಲ್ಲಿ ಅರ್ಥಶಾಸ್ತ್ರಜ್ಞರಾದ ಕೂಪ್‌ಮನ್ಸ್ ಮತ್ತು ಬೆಕ್‌ಮನ್ ಕಾರ್ಖಾನೆಗಳ ನೆಲೆ ಗೊತ್ತುಮಾಡುವ ಲೆಕ್ಕದಲ್ಲಿ ಕಂಡರು. ಈ ಜಾತಿಯ, ಮೂವತ್ತರ ಅಳತೆಯ ಒಂದು ಪ್ರಸಿದ್ಧ ಸಮಸ್ಯೆ 1968ರಲ್ಲಿ ಹುಟ್ಟಿ 2000ದಲ್ಲಿ ಬಗೆಹರಿಯಿತು. ನೂರಾರು ಕಂಪ್ಯೂಟರುಗಳು ಒಂದು ವಾರ ದುಡಿದವು. ಅಲ್ಲಿಯವರೆಗೆ ಆಕಾಶದಲ್ಲಿ ಸುತ್ತುತ್ತಿರಲು ವಿಮಾನದಲ್ಲಿ ಇಂಧನ ಸಾಲದು. ಹೀಗಾಗಿ ನಿಲ್ದಾಣಗಳು ಸರ್ವೋತ್ತಮವನ್ನು ಬಿಟ್ಟು ‘ಸಾಕಷ್ಟು ಒಳ್ಳೆಯದ’ಕ್ಕೆ ಒಪ್ಪಿಕೊಳ್ಳುತ್ತವೆ.

ಪೂರ್ವಪಕ್ಷ: ನಡಿಗೆ ಕಡಿಮೆಯಾದಷ್ಟೂ ಪ್ರಯಾಣಿಕನಿಗೆ ಸುಖ.

ಇದು ನಿಲ್ಲದು. 2023ರ ಜನವರಿ 9ರ ಬೆಳಗ್ಗೆ ಬೆಂಗಳೂರಿನಲ್ಲಿ ವಿಮಾನಕ್ಕೆ ಕರೆದೊಯ್ಯುವ ಬಸ್ಸಿನಲ್ಲಿದ್ದ 55 ಮಂದಿಯನ್ನು ಬಿಟ್ಟು ವಿಮಾನ ದೆಹಲಿಗೆ ಹಾರಿತು. ಬಸ್ಸಿನಿಂದ ವಿಮಾನಕ್ಕೆ ಅವರು ನಡೆದದ್ದು ಸೊನ್ನೆ ಹೆಜ್ಜೆ. ಪೂರ್ವಪಕ್ಷಿಯ ಪ್ರಕಾರ ಅದು ಪರಮಸುಖ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಈ ತರ್ಕ ರುಚಿಸಲಿಲ್ಲ. ವಿಮಾನ ಕಂಪನಿಗೆ 10 ಲಕ್ಷ ರೂಪಾಯಿ ದಂಡ ಬಿತ್ತು.

ಎರಡನೆಯ ದೃಷ್ಟಾಂತ ಅಮೆರಿಕದ ಹ್ಯೂಸ್ಟನ್ನಿನದು. ಸರತಿ ಸಾಲಿನ ಪಂಡಿತರು ಮತ್ತೆ ಮತ್ತೆ ಹೇಳುವಂಥದ್ದು. ಬ್ಯಾಗು ತಡವಾಗುತ್ತದೆಂದು ಅಲ್ಲಿ ದೂರೋ ದೂರು. ಕೆಲಸಗಾರರನ್ನು ಹೆಚ್ಚಿಸಿ ಕಾಯುವುದನ್ನು 8 ನಿಮಿಷಕ್ಕೆ ಇಳಿಸಿದರೂ ಗೊಣಗಾಟ ನಿಲ್ಲಲಿಲ್ಲ. ಕೊನೆಗೆ ಗೇಟನ್ನು ಬ್ಯಾಗಿನ ಬೆಲ್ಟಿನಿಂದ ದೂರ ಒಯ್ದು ಜನರನ್ನು ಆರು ಪಟ್ಟು ನಡೆಸಿದರು. ದೂರು ಹೆಚ್ಚುಕಡಿಮೆ ಅಡಗಿಹೋಯಿತು!

ಸಿದ್ಧಾಂತ: ಮನುಷ್ಯ ನಡೆದಾನು, ನಿಂತು ಕಾಯಲಾರ. ಆದ್ದರಿಂದ ಗೇಟು ಹಂಚುವವನು ಅಳೆಯಬೇಕಾದದ್ದು ಹೆಜ್ಜೆಯನ್ನಲ್ಲ, ತಡವನ್ನು. ಮುಂಚಿನ ವಿಮಾನದ ಕೊನೆಯ ಸೂಟ್‌ಕೇಸ್ ಇನ್ನೂ ಹೊಟ್ಟೆಗೆ ಏರುತ್ತಿರುತ್ತದೆ. ಚಕ್ರ ಉರುಳದಂತೆ ಇಟ್ಟ ಅಡ್ಡಗಟ್ಟೆ ತೆಗೆದಿಲ್ಲ, ಹಿಂದಕ್ಕೆ ತಳ್ಳುವ ಟ್ರ್ಯಾಕ್ಟರು ಬಂದಿಲ್ಲ. ಆ ಗೇಟಿಗೆಂದು ಇಳಿದ ಮತ್ತೊಂದು ವಿಮಾನ ಟ್ಯಾಕ್ಸಿವೇಯಲ್ಲಿ ಎಂಜಿನ್ ಉರಿಸುತ್ತ ನಿಂತಿದೆ. ಒಳಗಿನವರೆಲ್ಲ ಬೆಲ್ಟು ಬಿಚ್ಚಿ ಎದ್ದು ಬಯ್ಯಿಸಿಕೊಳ್ಳುತ್ತಿದ್ದಾರೆ. ಎರಡು ವಿಮಾನಗಳ ನಡುವೆ ಬಿಡುವು ಇಡದ ವೇಳಾಪಟ್ಟಿಗೆ ಇದೇ ಗತಿ. ಬಿಡುವು ಇಟ್ಟರೂ ತೆರಿಗೆ ತಪ್ಪದು: ದಿನಕ್ಕೆ ಗೇಟಿಗೆ ಬರುವ ವಿಮಾನ ಕಡಿಮೆಯಾಗಿ, ಮಿಕ್ಕವು ದೂರದ ನಿಲುಗಡೆ ತಾಣಕ್ಕೆ ಹೋಗುತ್ತವೆ. ಅಲ್ಲಿ ಏರೋಬ್ರಿಡ್ಜ್ ಇಲ್ಲ. ಏಣಿ, ಬಿಸಿಲು, ಬಸ್ಸು.

ಪ್ರಯೋಜನ: ಪ್ರಯಾಣಿಕನಿಗೆ ಈ ಶಾಸ್ತ್ರದಿಂದ ಸಿಗುವ ಫಲ ಒಂದೇ: ಗೇಟು ಕೊನೆಯ ಗಳಿಗೆಯಲ್ಲೂ ಬದಲಾದೀತೆಂಬ ಎಚ್ಚರ. ಬೋರ್ಡಿಂಗ್ ಪಾಸ್ ಸ್ಮೃತಿ, ಗೋಡೆಯ ಪರದೆ ಶ್ರುತಿ; ಎರಡರ ನಡುವೆ ವಿರೋಧ ಬಂದಾಗ ಶ್ರುತಿಯೇ ಪ್ರಮಾಣ. ಕಾಫಿಗೆ ಕೂರುವ ಮುನ್ನ ಪರದೆಯ ಕಡೆ ಇನ್ನೊಮ್ಮೆ ಕಣ್ಣು ಹಾಯಿಸಿ.