ಶೆಟ್ರ ಟಿಕೆಟ್ಟು

(ಡೊಂಬಿವಲಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲು. ಗಲ್ಲೆಯಲ್ಲಿ ಶೆಟ್ರು, ಎದುರಿಗೆ ಅರ್ಧ ಕಾಫಿ ಮುಗಿಸಿದ ರಾಯರು.)

"ರಾಯರೇ, ಒಂದು ಸಲ ಎಮ್ಮೆಲ್ಲೆ ಆಗುವಾ ಅಂತ ಉಂಟು."

"ನೇರ ಎಮ್ಮೆಲ್ಲೆಯಾ? ಮೊದಲು ನಗರಸೇವಕ ಆಗಿ ಮಾರಾಯ್ರೇ. ರವೀಂದ್ರ ಚವಾಣ್ 2005ರಲ್ಲಿ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಬಂದರು. 2007ರಲ್ಲಿ ಸ್ಥಾಯಿ ಸಮಿತಿ ಅಧ್ಯಕ್ಷ, 2009ರಲ್ಲಿ ಶಾಸಕ, ಆಮೇಲೆ ಮಂತ್ರಿ, 2025ರಲ್ಲಿ ಬಿಜೆಪಿ ರಾಜ್ಯಾಧ್ಯಕ್ಷ. ಠಾಣೆಯ ಶಿಂದೆಯವರು ರಿಕ್ಷಾ ಓಡಿಸಿ, 1997ರಲ್ಲಿ ನಗರಸೇವಕ, 2004ರಲ್ಲಿ ಶಾಸಕ, 2022ರಲ್ಲಿ ಮುಖ್ಯಮಂತ್ರಿ!"

"ರಿಕ್ಷಾ ಓಡಿಸಬೇಕಾ? ನನಗೆ ಸೊಂಟನೋವು."

"ಬೇಡ, ನಿಮಗೆ ಗಲ್ಲೆ ಉಂಟಲ್ಲ. ದಹಿಹಂಡಿ ಮಾಡಿಸಿ. ಮಡಕೆ ಎಷ್ಟು ಎತ್ತರವೋ ಫ್ಲೆಕ್ಸ್ ಅದಕ್ಕಿಂತ ಒಂದಡಿ ಮೇಲಿರಲಿ."

"ಅದರಲ್ಲಿ ನನ್ನ ಫೋಟೋ?"

"ಕೆಳಗೆ, ಪಾಸ್‌ಪೋರ್ಟ್ ಸೈಜು. ಮೇಲೆ ಸಾಹೇಬರು. ಸಾಹೇಬರು ಪಕ್ಷ ಬಿಟ್ಟರೆ ಹಿಂದಿನ ಬಣ್ಣ ಬದಲಿಸಿದರಾಯ್ತು."

"ಚುನಾವಣೆ ಬೇಗ ಬರ್ತದಾ?"

"ತಾಳ್ಮೆ ಬೇಕು. 2020ರಲ್ಲಿ ಸದಸ್ಯರ ಅವಧಿ ಮುಗಿದು ಐದು ವರ್ಷ ಆಡಳಿತಾಧಿಕಾರಿಯದ್ದೇ ದರ್ಬಾರು. ಆಗ ನಗರಸೇವಕರ ಬೋರ್ಡಿನಲ್ಲಿ 'ಮಾಜಿ' ಅನ್ನುವುದನ್ನು ಓದಲು ಕನ್ನಡಕ ಬೇಕಿತ್ತು."

"ಗೆದ್ದ ಮೇಲೆ?"

"ಸ್ಥಾಯಿ ಸಮಿತಿಗೆ ನುಗ್ಗಿ. ದೊಡ್ಡ ಟೆಂಡರುಗಳು ಅಲ್ಲೇ ಪಾಸಾಗುವುದು."

"ಗಟಾರ ಕಟ್ಟಿದೆ ಅಂತ ಜನ ಬಂದರೆ?"

"ನಗರಸೇವಕ ಆಗಿದ್ದಾಗ 'ಎಮ್ಮೆಲ್ಲೆಯವರನ್ನು ಕೇಳಿ' ಅನ್ನಿ. ಎಮ್ಮೆಲ್ಲೆ ಆದ ಮೇಲೆ 'ಅದು ನಗರಸೇವಕರ ಕೆಲಸ' ಅನ್ನಿ."

"ವಾರ್ಡು ಮಹಿಳಾ ಮೀಸಲು ಆದರೆ?"

"ಅಕ್ಕನವರು ನಿಲ್ತಾರೆ, ಸಹಿ ಅವರದ್ದು, ಕುರ್ಚಿ ನಿಮ್ಮದು."

"ಅವಳು ಕುರ್ಚಿ ಬಿಡುವವಳಲ್ಲ ರಾಯರೇ!"

"ಅದಿರಲಿ, ಇಲ್ಲಿ ನಿಲ್ಲಲು ಇಲ್ಲಿಯ ಮತದಾರ ಆಗಿರಬೇಕು. ಪಟ್ಟಿಯಲ್ಲಿ ಹೆಸರುಂಟಲ್ಲ?"

"ಉಂಟುಂಟು. ಕಾರ್ಕಳದಲ್ಲಿ."