ಉಲ್ಲನ್ ಮೀಮಾಂಸೆ: ಬೆವರುವ ಸೀಮೆಯಲ್ಲಿ ಸ್ವೆಟರಿನ ಸ್ಥಾನಮಾನ

ಶಾಸ್ತ್ರಗ್ರಂಥ ಎಂದ ಮೇಲೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ಎರಡು ಕಡ್ಡಿಯ ನಿಟ್ಟಿಂಗು ಮತ್ತು ಒಂದು ಕೊಕ್ಕೆಯ ಕ್ರೋಶಾ. ಅಧಿಕಾರಿ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಮಧ್ಯಾಹ್ನ ಉಂಡ ಮೇಲೂ ನಿದ್ದೆ ಬಾರದವರು. ಸಂಬಂಧ: ಸೊಸೆಯ ಬಸಿರು, ಮೊಮ್ಮಗನ ನಾಮಕರಣ ಇತ್ಯಾದಿ. ಪ್ರಯೋಜನ: ಇಲ್ಲ. ಈ ನಾಲ್ಕನೆಯದೇ ಗ್ರಂಥದ ಜೀವಾಳ. ಅದನ್ನು ಕಡೆಗಣಿಸಿ ಮುಂದಕ್ಕೆ ಹೋದವರಿಗೆ ಪ್ರಬಂಧಕಾರ ಹೊಣೆಯಲ್ಲ.

ಕ್ಷೇತ್ರಪರಿಚಯ ಚುಟುಕಾಗಿ ಮುಗಿಯುತ್ತದೆ. ಬಡಗಿಗೆ ಶಿರೂರು, ತೆಂಕಿಗೆ ಸ್ವರ್ಣೆಯ ದಡ, ಪಡುವಣಕ್ಕೆ ಕಡಲು, ಮೂಡಣಕ್ಕೆ ಕೊಡಚಾದ್ರಿಯ ಸಾಲು. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ. ಮಳೆಯಿಲ್ಲದಾಗ ಸೆಕೆ, ಮಳೆ ಬಂದಾಗ ಒದ್ದೆ ಸೆಕೆ. ಕುರಿ ಇಲ್ಲಿ ಬಾಳುವುದಿಲ್ಲ, ಗೊರಸು ಕೊಳೆಯುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವ ಉಂಡೆಯೂ ಬಹುಪಾಲು ಅಕ್ರಿಲಿಕ್, ಅಂದರೆ ಯಾವ ಕುರಿಯ ಮೈಯನ್ನೂ ಕಾಣದ್ದು. ಕುರಿಯಿಲ್ಲದ, ಚಳಿಯಿಲ್ಲದ, ಉಣ್ಣೆಯೂ ಇಲ್ಲದ ಈ ನಾಡಿನಲ್ಲಿ ಸ್ವೆಟರ್ ಮಾತ್ರ ಇದೆ. ಕಾರಣವಿಲ್ಲದ ಕಾರ್ಯ ಎಂಬುದಕ್ಕೆ ತಾರ್ಕಿಕರು ಹುಡುಕುತ್ತಿದ್ದ ಉದಾಹರಣೆ ಕೋಟ–ಸಾಲಿಗ್ರಾಮದ ಯಾವುದೇ ಜಗಲಿಯಲ್ಲಿ ಕಾಲು ಚಾಚಿ ಕುಳಿತಿರುತ್ತದೆ.

ಈಗ ಪೂರ್ವಪಕ್ಷ. ಅದನ್ನು ಎತ್ತುವವರು ಸಾಮಾನ್ಯವಾಗಿ ನೆರೆಮನೆಯವರು, ಹಾಲಿಗೋ ಕರಿಬೇವಿಗೋ ಬಂದವರು. “ಹ್ವಾಯ್, ಇಲ್ ಚಳಿ ಎಲ್ಲಿತ್ತ್ ಮಾರಾಯ್ರೆ? ಇದ್ ಯಾರಿಗೆ?” ಈ ಆಕ್ಷೇಪದಲ್ಲಿ ಎರಡು ಪ್ರಶ್ನೆಗಳಿದ್ದರೂ ಊಹೆ ಒಂದೇ: ಉಣ್ಣೆಯ ಉಡುಪು ಚಳಿಗಾಗಿಯೇ ಹುಟ್ಟಿದ್ದು. ಇದನ್ನು ಕೆಡವುವುದು ಸುಲಭ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಒಂದು ಜೊತೆ ಕೆಂಪು ಕಾಲುಚೀಲಗಳಿವೆ. ಚಪ್ಪಲಿಯ ಉಂಗುಷ್ಠಕ್ಕೆ ಅನುಕೂಲವಾಗಲೆಂದು ಹೆಬ್ಬೆರಳನ್ನು ಬೇರೆಮಾಡಿ, ಒಂದೇ ಸೂಜಿಯಲ್ಲಿ ಉಣ್ಣೆದಾರವನ್ನು ಸುತ್ತಿ ಸುತ್ತಿ ಮಾಡಿದವು. ಕಾಲ ಸುಮಾರು 3ರಿಂದ 5ನೇ ಶತಮಾನ, ಸಿಕ್ಕಿದ್ದು ಈಜಿಪ್ಟಿನಲ್ಲಿ. ಎರಡು ಕಡ್ಡಿಯ ನಿಜವಾದ ಹೆಣಿಗೆಯ ಅತ್ಯಂತ ಹಳೆಯ ತುಣುಕುಗಳೂ ಈಜಿಪ್ಟಿನವೇ. ಮರಳು ಕಾದು ಹಂಚಾಗುವ ದೇಶದಲ್ಲಿ ಕಾಲುಚೀಲ ಹುಟ್ಟಿದ್ದಾದರೆ ಚಳಿಗೂ ಹೆಣಿಗೆಗೂ ಇರುವ ನಂಟು ಆಮೇಲೆ ಅಂಟಿಸಿದ್ದೆಂದು ಸಿದ್ಧವಾಯಿತು. ನಾರ್ವೆ, ಸ್ಕಾಟ್‌ಲೆಂಡುಗಳು ಕಡೆಗೆ ಬಂದು ಸೇರಿಕೊಂಡ ಗಿರಾಕಿಗಳು. ಬೈಂದೂರಿನ ಬೇಸಿಗೆಯೇ ಮೂಲ ಸಂಪ್ರದಾಯಕ್ಕೆ ಹತ್ತಿರ.

ಆದರೂ ಪ್ರಾಮಾಣಿಕ ಸಂಶೋಧಕ ಪ್ರತಿಸಾಕ್ಷ್ಯಗಳನ್ನು ಮುಚ್ಚಿಡಬಾರದು. ಘಟ್ಟದ ಮೇಲಿನಿಂದ ಬಂದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನೇಜಿ ನೆಡುವ ರೂಢಿ ಇಲ್ಲಿ ಇತ್ತು. ನೆನೆದರೂ ಬೆಚ್ಚಗಿರುವುದು ಉಣ್ಣೆಯ ಗುಣ. ಹಾಗಾಗಿ ಇಲ್ಲಿ ಉಣ್ಣೆ ಮಳೆಯ ಬಟ್ಟೆಯಾಗಿತ್ತು. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಆ ಅಧ್ಯಾಯ ಮುಗಿಯಿತು.

ಎರಡನೆಯ ಪ್ರತಿಸಾಕ್ಷ್ಯ ಹೆಚ್ಚು ಗಂಭೀರವಾದದ್ದು: ಬಯಲಾಟ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆಯಾಟಕ್ಕೆ ಧನುರ್ಮಾಸದಲ್ಲಿ ಗದ್ದೆಯ ನಡುವೆ ಕುಳಿತವರ ನೆತ್ತಿಯ ಮೇಲೆ ನಡುರಾತ್ರಿ ಕಳೆದ ಮೇಲೆ ಇಬ್ಬನಿ ಇಳಿಯುತ್ತದೆ. ಆಗ ಹಿರಿಯರ ಚೀಲದಿಂದ ಮಂಕಿ ಟೋಪಿ ಹೊರಬರುತ್ತದೆ. ಮೂರು ತಾಲ್ಲೂಕುಗಳಲ್ಲಿ ಉಲ್ಲನ್ನಿಗೆ ಇರುವ ಏಕೈಕ ಸಹಜ ಆವಾಸಸ್ಥಾನ ಇದು. ವೇಷಧಾರಿ ಅಲ್ಲಿ ಬೆವರುತ್ತಿರುತ್ತಾನೆ, ಪ್ರೇಕ್ಷಕ ಇಲ್ಲಿ ಕಿವಿ ಮುಚ್ಚಿಕೊಂಡಿರುತ್ತಾನೆ. ಕಿವಿ ಮುಚ್ಚಿದ ಮೇಲೂ ಭಾಗವತರ ಪದ ಕೇಳುತ್ತದೆಂದರೆ ಅದು ಹೆಣಿಗೆಯ ತೂತುಗಳ ಮಹಿಮೆ. ಆದರೆ ಈಚೆಗೆ ಕಾಲಮಿತಿ ಆಟಗಳು ಹೆಚ್ಚಿ, ಇಬ್ಬನಿ ಇಳಿಯುವ ಮೊದಲೇ ಮಂಗಳ ಹಾಡುತ್ತಾರೆ. ಕಾಲಮಿತಿಯ ಬಗ್ಗೆ ಕಲಾವಿಮರ್ಶಕರು ಎಷ್ಟೋ ಬರೆದಿದ್ದಾರೆ, ಮಂಕಿ ಟೋಪಿಯ ಗತಿಯ ಬಗ್ಗೆ ಯಾರೂ ಒಂದು ಸಾಲು ಬರೆದಿಲ್ಲ. ನಮ್ಮ ವಿಮರ್ಶಾ ಪರಂಪರೆಯ ದಾರಿದ್ರ್ಯಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಲಕ್ಷಣಾಧಿಕರಣ. ಹೆಣಿಗೆ ಎಂದರೇನು? ತೂತುಗಳನ್ನು ದಾರದಿಂದ ಸುತ್ತುವರಿಯುವುದು. ಈ ಲಕ್ಷಣವನ್ನು ಒಪ್ಪಿದರೆ ಗಂಗೊಳ್ಳಿ, ಮರವಂತೆ, ಹಂಗಾರಕಟ್ಟೆಯ ಮೀನುಗಾರರೂ ಅಧಿಕಾರಿಗಳೇ ಆಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ದೋಣಿಗಳಿಗೆ ಕಡಲು ನಿಷಿದ್ಧ. ಆಗ ಚಪ್ಪರದಡಿ ಕುಳಿತ ಗಂಡಸರು, ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ, ದಾರ ತುಂಬಿದ ಚಪ್ಪಟೆ ಸೂಜಿಯಿಂದ ಹರಿದ ಕಣ್ಣುಗಳನ್ನು ಒಂದೊಂದಾಗಿ ಕೂಡಿಸುತ್ತಾರೆ. ಕಣ್ಣಿನ ಅಳತೆ ತಪ್ಪಬಾರದೆಂದು ಎಡಗೈಯಲ್ಲೊಂದು ಪಟ್ಟಿ. ಕ್ರೋಶಾ ಹಾಕುವವರು ಬೆರಳಲ್ಲಿ ಅಳೆಯುವುದನ್ನು ಇವರು ಪಟ್ಟಿಯಲ್ಲಿ ಅಳೆಯುತ್ತಾರೆ. ವ್ಯತ್ಯಾಸ ಎರಡೇ. ಬಲೆಯ ಗಂಟು ಬಿಚ್ಚುವುದಿಲ್ಲ, ಕ್ರೋಶಾದ ಕುಣಿಕೆ ಬಿಚ್ಚುತ್ತದೆ. ಮತ್ತು ಬಲೆ ಸರಿಮಾಡುವ ಗಂಡಸನ್ನು “ಇದ್ ಯಾರಿಗೆ?” ಎಂದು ಯಾರೂ ಕೇಳುವುದಿಲ್ಲ. ಅದೇ ಗಂಡಸು ಮನೆಗೆ ಬಂದು ಕೊಕ್ಕೆ ಹಿಡಿದು ಗುಲಾಬಿ ಬಣ್ಣದ ಕುಲಾವಿ ಶುರುಮಾಡಿದರೆ ಊರಿಗೆ ಊರೇ ಜಗಲಿಗೆ ಬರುತ್ತದೆ. ಪ್ರಬಂಧಕಾರ ಗಂಡಸೇ ಆಗಿದ್ದು ಕುಲಾವಿ ಹಾಕುವವನಾದ್ದರಿಂದ ಈ ಅಧಿಕರಣವನ್ನು ಇಲ್ಲಿಗೇ ಬಿಡುವುದು ಕ್ಷೇಮ.

ಈಗ ತತ್ತ್ವವಿಚಾರ. ದಾರಕ್ಕೂ ಬಟ್ಟೆಗೂ ಭೇದವುಂಟೋ ಇಲ್ಲವೋ ಎಂಬುದು ನಮ್ಮ ದರ್ಶನಗಳಲ್ಲಿ ಸಾವಿರಾರು ವರ್ಷಗಳ ಜಗಳ. ಬಟ್ಟೆ ಮೊದಲೇ ದಾರದಲ್ಲಿ ಅಡಗಿತ್ತು ಎಂದು ಸಾಂಖ್ಯರು. ಇಲ್ಲ, ದಾರಗಳು ಕೂಡಿದಾಗ ಹೊಸದೊಂದು ಹುಟ್ಟಿತು ಎಂದು ನೈಯಾಯಿಕರು. ಬಟ್ಟೆಯೆಂಬುದು ಬರೀ ಹೆಸರು, ದಾರವೇ ನಿಜ ಎಂದು ಅದ್ವೈತಿಗಳು. ಅಷ್ಟೂ ಮಂದಿ ದೃಷ್ಟಾಂತಕ್ಕೆ ತೆಗೆದುಕೊಂಡದ್ದು ಮಗ್ಗದ ಬಟ್ಟೆ. ಅದರಲ್ಲಿ ಹಾಸು ಬೇರೆ, ಹೊಕ್ಕು ಬೇರೆ, ನೂರಾರು ಎಳೆ. ಎಳೆದರೆ ಹರಿಯುತ್ತದೆಯೇ ಹೊರತು ಮರಳಿ ದಾರವಾಗುವುದಿಲ್ಲ. ವಾದ ಮುಗಿಯದೆ ಹೋದದ್ದು ಅದಕ್ಕೇ. ಯಾರಾದರೂ ಒಬ್ಬ ಆಚಾರ್ಯರ ಕೈಗೆ ಅರ್ಧ ಹೆಣೆದ ಸ್ವೆಟರ್ ಕೊಟ್ಟಿದ್ದರೆ ಒಂದು ತುದಿ ಹಿಡಿದು ಎಳೆದು ನೋಡುತ್ತಿದ್ದರು. ತೋಳು ಹೋಗಿ, ಎದೆ ಹೋಗಿ, ಕುತ್ತಿಗೆ ಹೋಗಿ, ಕೊನೆಗೆ ಸೊಟ್ಟಸೊಟ್ಟ ದಾರದ ಗುಡ್ಡೆ ಉಳಿಯುತ್ತದೆ. ಈ ಸೊಟ್ಟ ಗಮನಾರ್ಹ. ಬಿಚ್ಚಿದ ದಾರ ತಾನು ಸ್ವೆಟರಾಗಿದ್ದುದನ್ನು ಮರೆಯುವುದಿಲ್ಲ. ಲಡಿ ಮಾಡಿ ನೀರಿಗೆ ಹಾಕಿ ನೇತುಹಾಕಿದ ಮೇಲೂ ಸ್ವಲ್ಪ ಸುಕ್ಕು ಇರುತ್ತದೆ. ಹಾಗಾಗಿ ಭೇದವಿದೆ, ಆದರೆ ಜಾಸ್ತಿಯಿಲ್ಲ. ಉಡುಪಿಯ ಕಡೆಯವರು ಮೊದಲಿಂದಲೂ ಭೇದವನ್ನು ಹೇಳುತ್ತ ಬಂದವರು, ಜಾಸ್ತಿಯಿಲ್ಲ ಎಂಬುದನ್ನು ಒಪ್ಪಲಾರರು. ಅವರೊಡನೆ ವಾದಕ್ಕೆ ನಿಲ್ಲುವ ಧೈರ್ಯ ಪ್ರಬಂಧಕಾರನಿಗಿಲ್ಲ.

ಕ್ರೋಶಾದ ರೇಖಾಗಣಿತ ಇನ್ನೊಂದು ಶಾಸ್ತ್ರ. ನಡುವಿನಿಂದ ಶುರುಮಾಡಿ ಗಿಡ್ಡ ಕುಣಿಕೆಯಲ್ಲಿ ಸುತ್ತು ಹಾಕುವಾಗ ಪ್ರತಿ ಸುತ್ತಿಗೆ 6 ಕುಣಿಕೆ ಹೆಚ್ಚಿಸಿದರೆ ತುಣುಕು ಸಪಾಟಾಗಿ ಕೂರುತ್ತದೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಾಗುತ್ತದೆ. ಜಾಸ್ತಿಯಾದರೆ ಅಂಚು ನೆರಿಗೆಗಟ್ಟಿ ಕೋಳಿಜುಟ್ಟಿನ ಹಾಗೆ ಏಳುತ್ತದೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೈನಾ ತೈಮಿನ್ಯಾ ಎಂಬ ಗಣಿತಜ್ಞೆ ಈ ಮೂರನೆಯದನ್ನೇ ಲೆಕ್ಕ ಹಾಕಿ ಹೆಣೆದು, ಹೈಪರ್ಬೋಲಿಕ್ ಸಮತಲ ಎಂದರೆ ಇದು, ಮುಟ್ಟಿ ನೋಡಿ ಎಂದರು. ಕಾಗದದಲ್ಲಿ ಮಾಡಿದ ಮಾದರಿಗಳು ಹರಿದುಹೋಗುತ್ತಿದ್ದವು, ದಾರದ್ದು ಉಳಿಯಿತು. ಕುಂದಾಪುರದ ಜಗಲಿಗಳಲ್ಲಿ ಇಂಥ ಸಮತಲಗಳು ಮೊದಲಿಂದಲೂ ತಯಾರಾಗುತ್ತಿದ್ದವು. ಆದರೆ ಇಲ್ಲಿ ಅದನ್ನು ಮಾಡಿದವರು ಪ್ರಬಂಧ ಬರೆಯದೆ, ಫ್ರಾಕಿನ ಅಂಚಿಗೆ ಹೊಲಿದು ಫ್ರಿಲ್ಲು ಎಂದು ಸಾಧಿಸಿಬಿಟ್ಟರು. ಬಟ್ಟಲಾದದ್ದು ಟೊಪ್ಪಿಯಾಯಿತು. ತಪ್ಪಿದ್ದಕ್ಕೆಲ್ಲ ತಕ್ಕ ಹೆಸರಿಟ್ಟರೆ ತಪ್ಪೇ ಇರುವುದಿಲ್ಲ ಎಂಬುದನ್ನು ವಿದ್ವತ್ಪ್ರಪಂಚ ಈ ಜಗಲಿಗಳಿಂದಲೇ ಕಲಿತಿರಬೇಕು.

ಉಪಕರಣದ ಬಗ್ಗೆ ಎರಡು ಮಾತು. ಹಳೆಯ ಲೆಕ್ಕದಲ್ಲಿ 8 ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪ, 10 ನಂಬರಿನದು 3.25. ನಂಬರು ಏರಿದಂತೆ ಕಡ್ಡಿ ಬಡಕಲು. ಏಪ್ರಿಲಿನಲ್ಲಿ ಅಲ್ಯೂಮಿನಿಯಂ ಕಡ್ಡಿಗೆ ಬೆವರು ಹತ್ತಿ ಅಕ್ರಿಲಿಕ್ ದಾರ ಜಾರುವುದನ್ನು ನಿಲ್ಲಿಸಿ ಕಿರಗುಟ್ಟುತ್ತದೆ. ಅನುಭವಿಗಳು ಬೆರಳಿಗೆ ಪೌಡರ್ ಹಚ್ಚಿಕೊಳ್ಳುತ್ತಾರೆ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಸ್ವೆಟರಿಗೆ ಬೂಸರು ಬರುತ್ತದೆ, ಆಗ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಕು. ಸ್ವೆಟರು ಮನುಷ್ಯನನ್ನು ಬೆಚ್ಚಗಿಡುವ ಪ್ರಮೇಯ ಇಲ್ಲ, ಮನುಷ್ಯನೇ ಸ್ವೆಟರನ್ನು ಬೆಚ್ಚಗಿಡಬೇಕು.

ಅಸಮಾಪ್ತಿ ಎಂಬುದು ಹೆಣಿಗೆಯ ಅತಿಮುಖ್ಯ ಲಕ್ಷಣ. ಒಂದು ತೋಳು ಮುಗಿದ ಸ್ವೆಟರು ಯಾವ ಮನೆಯಲ್ಲಿಲ್ಲ? ಇದಕ್ಕಾಗಿ ಹೆಣೆಯುವವರನ್ನು ಹಂಗಿಸುವವರು ಸುತ್ತಲೂ ಕಣ್ಣು ಹಾಯಿಸಬೇಕು. 1979ರ ವಾರಾಹಿ ನೀರಾವರಿ ಯೋಜನೆಯ ಕಾಲುವೆಗೆ ನೀರು ಬಿಡುವಷ್ಟರಲ್ಲಿ, ಆ ವರ್ಷ ಹುಟ್ಟಿದ ಮಗುವಿಗೆಂದು ಹಾಕಿದ ಕುಲಾವಿಯನ್ನು ಆ ಮಗುವಿನ ಮಗು ಹಾಕಿಕೊಳ್ಳಬಹುದಿತ್ತು. ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಗಟ್ಟಲೆ ಒಂದು ತೋಳಿನಲ್ಲಿ ನಿಂತದ್ದನ್ನು ಕುಂದಾಪುರದವರೆಲ್ಲ ಕಂಡಿದ್ದಾರೆ. ಇದು ಈ ಸೀಮೆಯ ಗತಿ, ಲಯ. ಹೆಣಿಗೆ ಅದಕ್ಕೆ ತಾಳ ಹಾಕುತ್ತದೆ, ಅಷ್ಟೆ.

ಕಡೆಯದು ಮುಚ್ಚಿಗೆಯ ಅಧಿಕರಣ. ಮೊದಲು ರೇಡಿಯೊದ ಮೇಲೆ, ಆಮೇಲೆ ಟಿವಿಯ ಮೇಲೆ ಕ್ರೋಶಾದ ಬಿಳಿ ಮುಚ್ಚಿಗೆ, ಅದರ ಮೇಲೊಂದು ಗೊಂಬೆ. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿಯದಿರಲಿ ಎಂದು ಕಾರಣ ಹೇಳುತ್ತಿದ್ದರು. ಅರ್ಧಕ್ಕರ್ಧ ತೂತಿರುವ ಬಟ್ಟೆ ಗಾಳಿಯನ್ನು ಹೇಗೆ ತಡೆಯುತ್ತದೆ ಎಂದು ಕೇಳುವಷ್ಟು ಅಸಭ್ಯರು ಆಗ ಇರಲಿಲ್ಲ. ಬಳಿಕ ಗೋಡೆಗೆ ಅಂಟುವ ತೆಳು ಟಿವಿ ಬಂತು. ಮುಚ್ಚಿಗೆ ಹಾಸಲು ಅದಕ್ಕೆ ನೆತ್ತಿಯೇ ಇಲ್ಲ. ನೆಲೆ ತಪ್ಪಿದ ಮುಚ್ಚಿಗೆಗಳು ಮಿಕ್ಸಿ, ವಾಷಿಂಗ್ ಮೆಷಿನ್, ಕುಡಿಯುವ ನೀರಿನ ಫಿಲ್ಟರ್ ಎಂದು ವಲಸೆ ಹೋಗಿ, ಸದ್ಯ ವೈಫೈ ರೌಟರಿನ ಮೇಲೆ ಬಂದು ನಿಂತಿವೆ. ಬೆಂಗಳೂರಿನಿಂದ ರಜೆಗೆ ಬಂದು ಮನೆಯಿಂದಲೇ ಕೆಲಸ ಮಾಡುವ ಮಗ, ನೆಟ್ ಬರುವುದಿಲ್ಲ, ಅದನ್ನು ಅಲ್ಲಿಂದ ತೆಗೆ ಎಂದು ರೇಗಿದ. ಬ್ರಹ್ಮಾವರದ ಆ ತಾಯಿ ಕೊಕ್ಕೆಯಿಂದ ಕಣ್ಣೆತ್ತದೆ ಕೊಟ್ಟ ಉತ್ತರದೆದುರು ಈ ಗ್ರಂಥದ ಲಕ್ಷಣಾಧಿಕರಣ ಸಪ್ಪೆ: “ಇಷ್ಟ್ ತೂತ್ ಇತ್ತಲ್ಲ, ಬಪ್ಪುಕೆ ಆತಿಲ್ಯಾ ಅದಕ್ಕೆ?”