ಹೆಗ್ಗದ್ದೆ–ನೇತ್ರಾಣಿ ಏಕದಿನ ಕಡಲವಿಹಾರ: ಸ್ವರೂಪ, ಸಂಕಥನ ಮತ್ತು ವಾಂತಿ

ಪ್ರಸ್ತಾವನೆ

ಮನುಷ್ಯ ಮತ್ತು ಕಡಲಿನ ಸಂಬಂಧ ಅನಾದಿಯಾದುದು ಎಂಬ ವಾಕ್ಯದಿಂದ ಆರಂಭವಾಗದ ಪ್ರಬಂಧಕ್ಕೆ ನಮ್ಮಲ್ಲಿ ಪದವಿ ಸಿಗುವುದಿಲ್ಲವಾದ್ದರಿಂದ, ಮನುಷ್ಯ ಮತ್ತು ಕಡಲಿನ ಸಂಬಂಧ ಅನಾದಿಯಾದುದು. ಹೆಗ್ಗದ್ದೆಯ ಮನುಷ್ಯನಿಗೂ ಕಡಲಿಗೂ ಇರುವ ಸಂಬಂಧ ಮಾತ್ರ ಸಕಲೇಶಪುರದಲ್ಲಿ ಟಿ.ಟಿ. ವ್ಯಾನುಗಳು ಬಾಡಿಗೆಗೆ ಸಿಗತೊಡಗಿದ ಮೇಲಿನದು.

ಶಿರಾಡಿ ಘಾಟಿ ಇಳಿಯತೊಡಗುವ ಅಂಚಿನಲ್ಲಿರುವ ಹೆಗ್ಗದ್ದೆಯಿಂದ ಸರಿರಾತ್ರಿ ಹೊರಟು, ಉಪ್ಪಿನಂಗಡಿ, ಮಂಗಳೂರು, ಕುಂದಾಪುರ, ಭಟ್ಕಳ ದಾಟಿ ಬೆಳಗ್ಗೆ ಮುರ್ಡೇಶ್ವರ ಮುಟ್ಟಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬಾಯಲ್ಲಿ ಕೊಳವೆ ಕಚ್ಚಿಕೊಂಡು ಮೀನು ನೋಡಿ, ಕುಣಿದು, ಉಂಡು, ಮರುದಿನ ಕೋಳಿ ಕೂಗುವಷ್ಟರಲ್ಲಿ ತೋಟಕ್ಕೆ ಮರಳುವ ಪ್ರಕ್ರಿಯೆಯನ್ನು ಇಲ್ಲಿ 'ಏಕದಿನ ಕಡಲವಿಹಾರ' ಎಂದು ಪರಿಭಾವಿಸಲಾಗಿದೆ. ಕನ್ನಡ ಸಂಶೋಧನೆ ಈ ವಿದ್ಯಮಾನವನ್ನು ಗಂಭೀರವಾಗಿ ಪರಿಗಣಿಸಿಲ್ಲ. ಪರಿಗಣಿಸದಿರಲು ಕಾರಣವಿದ್ದೀತು. ಹಾಗೆ ಕಾರಣವಿದ್ದು ಕೈಬಿಟ್ಟ ವಿಷಯಗಳನ್ನೇ ಹುಡುಕಿ ತೆಗೆಯುವುದು ನಮ್ಮ ಸಂಶೋಧನಾ ಪರಂಪರೆ.

ಪರಿಭಾಷೆಯ ಋಣವನ್ನು ಇಲ್ಲೇ ಸ್ಮರಿಸಬೇಕು. 'ಸುಸ್ಥಿರ ಅನುಭವಾಧಾರಿತ ಪ್ರವಾಸೋದ್ಯಮದ ಬಹುಮುಖಿ ನೆಲೆಗಳು' ಎಂಬ ಧಾಟಿಯ ವಿಚಾರ ಸಂಕಿರಣವೊಂದರಲ್ಲಿ ನಾನು ಬೆಳಗಿನ ಉಪ್ಪಿಟ್ಟಿನಿಂದ ಸಂಜೆಯ ಪ್ರಮಾಣಪತ್ರದವರೆಗೂ ಕುಳಿತಿದ್ದೆ. ಮಲೆನಾಡು ಒಂದು 'ಉತ್ಪನ್ನ', ಮಳೆ ಒಂದು 'ಸಂಪನ್ಮೂಲ', ನಾವು 'ಸ್ಥಳೀಯ ಪಾಲುದಾರರು' ಎಂದು ತಿಳಿದದ್ದು ಅಲ್ಲಿಯೇ. ಪದಗಳನ್ನು ಅಲ್ಲಿಂದ ಎರವಲು ತಂದಿದ್ದೇನೆ. ಬೇಗನೆ ಹಿಂದಿರುಗಿಸುವ ಇರಾದೆಯೂ ಇದೆ.

ಅಧ್ಯಾಯ ಒಂದು: ತೌಲನಿಕ ನೆಲೆ

ತೌಲನಿಕ ಅಧ್ಯಾಯವಿಲ್ಲದ ಪ್ರಬಂಧವನ್ನು ಪರೀಕ್ಷಕರು ಓದುವುದಿಲ್ಲ. ಇದ್ದರೂ ಓದುವುದಿಲ್ಲ ಎಂಬುದು ಬೇರೆ ಮಾತು.

ಏಕದಿನ ಕಡಲವಿಹಾರದ ಮಾರ್ಗರೂಪ ಕೆರಿಬಿಯನ್ ಕಡಲಿನಲ್ಲಿದೆ. ನಮ್ಮದು ದೇಸಿ. ಅಲ್ಲಿ ಹಾಯಿಪಟ ಕಟ್ಟಿದ ಜೋಡಿ ಒಡಲಿನ ದೋಣಿ, ರಮ್, ರೆಗೆ ಸಂಗೀತ, ಹವಳದ ದಂಡೆ, ಬಿಳಿ ಮರಳು. ಇಲ್ಲಿ ಇಂಜಿನ್ನಿನ ದೋಣಿ, ಡೀಸೆಲ್ ಹೊಗೆ, ಯಾರದೋ ಬ್ಲೂಟೂತ್ ಸ್ಪೀಕರಿನಲ್ಲಿ ಸಿನಿಮಾ ಹಾಡು, ಒಂದು ಚೀಲ ಚಕ್ಕುಲಿ. ಹೆಗ್ಗದ್ದೆಯ ಮಟ್ಟಿಗೆ ಕೆರಿಬಿಯನ್ ಎಂದರೆ ವೆಸ್ಟ್ ಇಂಡೀಸ್, ವೆಸ್ಟ್ ಇಂಡೀಸ್ ಎಂದರೆ 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಮೈದಾನದಲ್ಲಿ ಗೇಯ್ಲ್ ಹೊಡೆದ ಅಜೇಯ 175. ಅದಕ್ಕಿಂತ ಹೆಚ್ಚಿನ ಸಾಂಸ್ಕೃತಿಕ ಮುಖಾಮುಖಿ ನಮಗೂ ಅವರಿಗೂ ನಡೆದಿಲ್ಲ.

ನಡೆಯಬೇಕಿತ್ತು. ಏಕೆಂದರೆ ಜಮೈಕಾದ ಬ್ಲೂ ಮೌಂಟನ್ ಕೂಡ ಕಾಫಿಯ ಬೆಟ್ಟ. 2,256 ಮೀಟರ್ ಎತ್ತರದ ಶಿಖರ, ಇಳಿಜಾರಿನಲ್ಲಿ ತೋಟ, ಕೆಳಗಿಳಿದರೆ ಕಡಲು. ಅಲ್ಲಿಗೆ ಕಾಫಿ ಬಂದದ್ದು 1728ರಲ್ಲಿ. ನಮ್ಮ ಬಾಬಾಬುಡನ್ 7 ಬೀಜ ತಂದ ಕತೆ ಅದಕ್ಕಿಂತ ಹಳೆಯದು. ಅಲ್ಲಿಯ ಕಾಫಿ ತೋಟಗಳನ್ನು ಎಬ್ಬಿಸಿದವರು ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದ ಗುಲಾಮರು. ಅವರ ಪಾಲಿಗೆ ಒಂದೇ ಕಡಲ ಪ್ರಯಾಣ, ಅದೂ ಸರಪಳಿಯಲ್ಲಿ. ಇದನ್ನು ಬರೆಯುವಾಗ ನಮ್ಮ ದೋಣಿಯಲ್ಲಿ ಯಾರಿದ್ದರು ಎಂದು ಎಣಿಸಿಕೊಂಡೆ. ಬೆಳೆಗಾರರಿದ್ದರು, ಬೆಳೆಗಾರರ ಮಕ್ಕಳಿದ್ದರು, ಹೋಂಸ್ಟೇ ನಡೆಸುವವರಿದ್ದರು. ಹಣ್ಣು ಕೊಯ್ದವರು ಒಬ್ಬರೂ ಇರಲಿಲ್ಲ. ಲೈನುಮನೆಯಲ್ಲಿರುವ ಅಸ್ಸಾಮಿನವರು ಕಡಲು ಕಂಡಿದ್ದಾರೆಯೋ ಎಂದು ಯಾರೂ ಕೇಳಿದವರಲ್ಲ. ತೌಲನಿಕ ನೆಲೆ ಇಲ್ಲಿಗೆ ಸಾಕು.

ಅಧ್ಯಾಯ ಎರಡು: ಕಾಲಮೀಮಾಂಸೆ

ಕಡಲವಿಹಾರ ಯಾವಾಗ ಸಾಧ್ಯ ಎಂಬ ಪ್ರಶ್ನೆ ಪಂಚಾಂಗದವರನ್ನೂ ಕಂಗೆಡಿಸುವಂಥದು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮಳೆಗಾಲ ಮುಗಿಯುವವರೆಗೂ ನೇತ್ರಾಣಿಯ ಸುತ್ತ ಕಡಲು ಮನುಷ್ಯರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆ ದಿನಗಳಲ್ಲಿ ಹೆಗ್ಗದ್ದೆಯಿಂದ ಹೊರಡುವುದೂ ಕಷ್ಟ. 2024ರ ಜುಲೈಯಲ್ಲಿ ದೊಡ್ಡತಪ್ಪಲಿನ ಬಳಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಬಂತು. ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಅದು ಗೋಡೆಯ ಹಾಗೆಯೇ ನಿಂತಿರಬೇಕೆಂಬುದು ಇಂಜಿನಿಯರಿಂಗ್ ಶಾಸ್ತ್ರದ ನಿರೀಕ್ಷೆ. ಗುಡ್ಡ ಆ ಶಾಸ್ತ್ರವನ್ನು ಓದಿಲ್ಲ.

ಅಕ್ಟೋಬರಿನಲ್ಲಿ ಕಡಲು ತಿಳಿಯಾಗುತ್ತದೆ. ಅಷ್ಟರಲ್ಲಿ ಅರೇಬಿಕಾ ಹಣ್ಣಾಗಲು ಶುರು. ಅರೇಬಿಕಾ ಕೊಯ್ಲು ಮುಗಿದು ಕಣದಲ್ಲಿ ಹರಡಿರುವಾಗಲೇ ರೊಬಸ್ಟಾ ಕೆಂಪಾಗುತ್ತದೆ. ರೊಬಸ್ಟಾ ಮುಗಿಸಿ ಕೈ ತೊಳೆದರೆ ಹೂಮಳೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಬರದಿದ್ದರೆ ಸ್ಪ್ರಿಂಕ್ಲರ್ ಹೊತ್ತು ಓಡಾಟ. ಬಂದರೆ ಮತ್ತೊಂದು ಮಳೆ ಹಿಂದೆಯೇ ಬೇಕು, ಇಲ್ಲದಿದ್ದರೆ ಕಾಯಿ ಕಚ್ಚದು. ಇದರ ನಡುವೆ ಆನೆ. ಈ ಹಿಂಡು ಇಂಥ ತೋಟದಲ್ಲಿದೆ ಎಂಬ ಸಂದೇಶ ಮೊಬೈಲಿಗೆ ಬಂದರೆ ಆ ದಿನ ಆಳುಗಳು ಬರುವುದಿಲ್ಲ, ಮಕ್ಕಳು ಶಾಲೆಗೆ ಹೋಗುವುದಿಲ್ಲ. ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತದ್ದು ನಮ್ಮದೇ ತಾಲೂಕಿನ ಯಸಳೂರು ವಲಯದಲ್ಲಿ. ಇಷ್ಟೆಲ್ಲ ಕಳೆದು ಉಳಿಯುವ ಅವಕಾಶವನ್ನು ನಾನು 'ಶುದ್ಧ ವಿಹಾರಕಾಲ' ಎಂದು ಕರೆದಿದ್ದೇನೆ. ಅದು ಮಾರ್ಚಿಯ ಒಂದು ಶನಿವಾರ ರಾತ್ರಿ ಹನ್ನೊಂದಕ್ಕೆ ತೊಡಗಿ ಸೋಮವಾರ ಬೆಳಗಿನ ಜಾವ ಮುಗಿಯುತ್ತದೆ.

ಇದೇ ಶನಿವಾರ ರಾತ್ರಿ ಬೆಂಗಳೂರಿನಿಂದ ಕಾರುಗಳು ನಮ್ಮ ಹೋಂಸ್ಟೇಗಳತ್ತ ಹೊರಟಿರುತ್ತವೆ. ಅವರಿಗೆ ಕಡಲು ಬೇಡ, ಗುಡ್ಡ ಬೇಕು; ನಮಗೆ ಗುಡ್ಡ ಸಾಕಾಗಿದೆ. ಅವರಿಗಾಗಿ ಅಂಗಳದಲ್ಲಿ ಪೈಪು ಕಟ್ಟಿ 'ರೈನ್ ಡ್ಯಾನ್ಸ್' ಏರ್ಪಾಡಾಗಿರುತ್ತದೆ. ಮಾರ್ಚಿಯ ಬಿರುಬಿಸಿಲಿನಲ್ಲಿ, ತೋಟದ ಹೂವಿಗೆ ಸಾಲದ ನೀರನ್ನು, ತಲೆಯ ಮೇಲೆ ಸುರಿದುಕೊಂಡು ಕುಣಿಯಲು ತಲೆಗಿಷ್ಟು ದುಡ್ಡು. ವರ್ಷದಲ್ಲಿ ಐದು ತಿಂಗಳು ಇದೇ ಅಂಗಳದಲ್ಲಿ ಬಿಟ್ಟಿಯಾಗಿ ಸುರಿಯುವಾಗ ಯಾರೂ ಕುಣಿಯಲು ಬರಲಿಲ್ಲ.

ಅಧ್ಯಾಯ ಮೂರು: ವಿಹಾರಿಗಳ ವರ್ಗೀಕರಣ

ವಿಹಾರಿಗಳು ಹನ್ನೊಂದು ಬಗೆ. (ಅ) ಜಲೋನ್ಮುಖಿಗಳು: ದೋಣಿ ಹತ್ತುವ ಮೊದಲೇ ಅಂಗಿ ಕಳಚಿ ನಿಂತವರು. (ಆ) ಜಲವಿಮುಖಿಗಳು: ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಹತ್ತಿದವರು. (ಇ) ಬಿಂಬನಿಮಗ್ನರು: ತಾವು ನೀರಲ್ಲಿರುವುದಕ್ಕಿಂತ ನೀರಲ್ಲಿರುವ ತಮ್ಮ ಫೋಟೋ ಮುಖ್ಯವೆಂದು ಬಗೆದವರು; 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ತೆರೆಕಂಡು, ಅವರು ನೇತ್ರಾಣಿಯ ನೀರಿಗಿಳಿದದ್ದನ್ನು ನಾಡೆಲ್ಲ ನೋಡಿದ ಮೇಲೆ ಈ ವರ್ಗ ವಿಶೇಷವಾಗಿ ವೃದ್ಧಿಸಿದೆ. (ಈ) ಜಲೋದ್ಗಾರಿಗಳು: ವಾಂತಿ ಮಾಡುವವರು.

ಮುರ್ಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್, ಒಂದು ಗಂಟೆಗೂ ಮೀರಿದ ಹಾದಿ. 123 ಅಡಿಯ ಶಿವನ ಮೂರ್ತಿ ಬೆನ್ನ ಹಿಂದೆ ಕಿರಿದಾಗುತ್ತ ಹೋದಂತೆ (ಅ) ವರ್ಗದವರು ಒಬ್ಬೊಬ್ಬರಾಗಿ (ಈ) ವರ್ಗಕ್ಕೆ ಸೇರಿದರು. (ಆ) ವರ್ಗದವರು ಮೊದಲಿನಿಂದಲೂ ಅಲ್ಲೇ ಇದ್ದರು. (ಇ) ವರ್ಗದವರು ಫೋನ್ ಒಳಗಿಟ್ಟು ಅವರನ್ನು ಹಿಂಬಾಲಿಸಿದರು. ಶಿರಾಡಿಯ ತಿರುವುಗಳಲ್ಲಿ ನಿದ್ದೆ ಮಾಡುತ್ತ ಬಂದವರೂ ಕಡಲಿನ ಏರಿಳಿತಕ್ಕೆ ಶರಣಾದರು. ಅವೊಮಿನ್ ಮಾತ್ರೆ ತಂದಿದ್ದ ಒಬ್ಬರೇ ಒಬ್ಬರು ಅದನ್ನು ಟಿ.ಟಿ.ಯಲ್ಲೇ ಮರೆತಿದ್ದರು. ಉಳಿದ ಏಳು ವರ್ಗಗಳಿಗೆ ಜನ ಸಾಲದ ಕಾರಣ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

'ಗೌಡ್ರೇ, ದೂರದಲ್ಲಿ ಒಂದೇ ಕಡೆ ನೋಡ್ತಾ ಇರಿ, ಸರಿಹೋಯ್ತದೆ' ಎಂದು ಹುಡುಗನೊಬ್ಬ ಧೈರ್ಯ ಹೇಳಿದ. 'ಯಾವ್ ಕಡೆ ನೋಡಿದ್ರೂ ಒಂದೇ ಕಣೋ ಇಲ್ಲಿ' ಎಂದರು ಗೌಡರು. ಕಡಲ ಕುರಿತು ಈ ಯಾನದಲ್ಲಿ ಮೂಡಿದ ಗಟ್ಟಿ ತಾತ್ವಿಕ ಹೇಳಿಕೆ ಇದೊಂದೇ.

ಅಧ್ಯಾಯ ನಾಲ್ಕು: ಕೊಳವೆಯ ಜ್ಞಾನಮೀಮಾಂಸೆ

ಸ್ನಾರ್ಕೆಲಿಂಗ್ ಎಂದರೆ ಮುಖವನ್ನು ನೀರಿಗೆ ಕೊಟ್ಟು ಉಸಿರನ್ನು ಆಕಾಶಕ್ಕೆ ಕೊಡುವ ದ್ವೈತ ಸಾಧನೆ. ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ. ಕನ್ನಡಕದ ಗಾಜು ಮಬ್ಬಾಗದಿರಲು ಒಳಗೆ ಉಗುಳಿ, ಬೆರಳಲ್ಲಿ ಸವರಿ, ಕಡಲ ನೀರಲ್ಲಿ ಅಲುಬಬೇಕು. ಇದು ಲೋಕದ ಎಲ್ಲ ಕಡಲುಗಳಲ್ಲೂ ನಡೆಯುವ ಕ್ರಮ. ನಮ್ಮ ಹಿರಿಯರ ಬಾಯಲ್ಲಿ ಎಲೆಯಡಿಕೆ ಇದ್ದುದರಿಂದ ಕೆಲವರಿಗೆ ನೇತ್ರಾಣಿಯ ತಳ ಮುಸ್ಸಂಜೆಯ ಬಣ್ಣದಲ್ಲಿ ಕಂಡಿತು. ನೋಡುವವನ ಪೂರ್ವಗ್ರಹವು ನೋಟವನ್ನು ರೂಪಿಸುತ್ತದೆ ಎಂಬ ಪಾಶ್ಚಾತ್ಯ ಚಿಂತನೆಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ನೀರಿನೊಳಗೆ ಇದ್ದದ್ದು ಕಾಲು ಗಂಟೆಯೋ ಅರ್ಧ ಗಂಟೆಯೋ. ಆದರೆ ಕಂಡದ್ದು ನಿಜಕ್ಕೂ ಚಂದ, ಅದನ್ನು ಗೇಲಿ ಮಾಡಲು ಮನಸ್ಸು ಬಾರದು. ಬಂಡೆಗೆ ಅಂಟಿದ ಹವಳ, ಗಿಳಿಬಣ್ಣದ ಮೀನುಗಳು, ನೀರನ್ನು ಸೀಳಿ ಕೆಳಗಿಳಿಯುವ ಬಿಸಿಲು. ಇದೇ ದ್ವೀಪವನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದುಂಟು. ಪರಿಸರದವರು ಅದರ ವಿರುದ್ಧ ನ್ಯಾಯಾಲಯಕ್ಕೂ ಹೋಗಿದ್ದುಂಟು. ಮೇಲೆ ಕಡಲಹದ್ದುಗಳ ಗೂಡು, ಕೆಳಗೆ ಹವಳ, ನಡುವೆ ಫಿರಂಗಿಯ ಗುರಿ. ದ್ವೀಪದ ಮೇಲೆ ಕಾಲಿಡಲು ನಮ್ಮನ್ನು ಬಿಡಲಿಲ್ಲ. ಪರಿಸರ ಹಾಳಾಗುತ್ತದೆಂದು.

ನೀರಿನಿಂದ ಎದ್ದವರೆಲ್ಲ ಮೊದಲು ಮಾಡಿದ ಕೆಲಸವೆಂದರೆ ಬಗ್ಗಿ ಕಾಲು ನೋಡಿಕೊಂಡದ್ದು. ಇಂಬಳ ಹತ್ತಿದೆಯೋ ಎಂದು.

ಅಧ್ಯಾಯ ಐದು: ಮುಚ್ಚಳಿಕೆ ಮತ್ತು ವ್ಯರ್ಥ ನೀರು

ದೋಣಿ ಹತ್ತುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಇಂಗ್ಲಿಷಿನಲ್ಲಿತ್ತು, ಅಕ್ಷರ ಇರುವೆಸಾಲು. ಸಾರಾಂಶ: ಏನಾದರೂ ಆದರೆ ಅದು ನಿಮಗೇ ಆದದ್ದು. ಈ ಪಠ್ಯವನ್ನು ನಿರಚನೆಗೊಳಪಡಿಸಬೇಕೆಂದು ಯೋಜಿಸಿದ್ದೆ. ಕರ್ತೃವಿನ ಗೈರುಹಾಜರಿ, ಅಧಿಕಾರದ ಸಂಕಥನ, ಸಹಿ ಎಂಬ ಸಂಕೇತ, ಹೀಗೆ ಮೂರು ಉಪಶೀರ್ಷಿಕೆಗಳನ್ನೂ ಬರೆದಿಟ್ಟುಕೊಂಡಿದ್ದೆ.

ಆದರೆ ಇದೇ ತೀರದಲ್ಲಿ 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಅದಕ್ಕೆ ಉಪಶೀರ್ಷಿಕೆ ಕೊಡಲು ನನ್ನಿಂದಾಗದು. ಬೋರ್‌ವೆಲ್ ಕೊರೆದು ಕೊರೆದು ನೀರು ಕಾಣದ ಜಿಲ್ಲೆಯ ಮಕ್ಕಳು. ಆಮೇಲೆ ತೀರವನ್ನು ಮುಚ್ಚಿದರು, ತಡೆ ಕಟ್ಟಿದರು. ಮೊದಲು ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆಗೆ ಯಾವ ಸಂಕಿರಣದಲ್ಲೂ ಗೋಷ್ಠಿ ಇಟ್ಟದ್ದನ್ನು ನಾನು ಕಂಡಿಲ್ಲ. 'ಅನುಭವಾಧಾರಿತ' ಎಂದು ವೇದಿಕೆಯಲ್ಲಿ ನೂರು ಸಲ ಹೇಳಿದವರು 'ಹಗ್ಗ' ಎಂದು ಒಮ್ಮೆಯೂ ಹೇಳಲಿಲ್ಲ.

ಅದೇ ಕೋಲಾರಕ್ಕೆ ಹೋಗಬೇಕಾದದ್ದು ನಮ್ಮ ನೀರು. ಹೆಗ್ಗದ್ದೆಯ ಕಡೆ ಬಿದ್ದ ಮಳೆ ಕೆಂಪುಹೊಳೆಗೆ ಇಳಿದು, ಗುಂಡ್ಯದಲ್ಲಿ ಹರಿದು, ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಮಂಗಳೂರಿನ ಬಳಿ ಕಡಲಿಗೆ ಹೋಗುತ್ತದೆ. ಟಿ.ಟಿ. ಇಲ್ಲದೆ, ಮುಚ್ಚಳಿಕೆ ಇಲ್ಲದೆ. ಪಕ್ಕದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಣೆ ಕಟ್ಟಿ, ಮಳೆಗಾಲದಲ್ಲಿ 24.01 ಟಿಎಂಸಿ ನೀರೆತ್ತಿ ಬಯಲುಸೀಮೆಗೆ ಕೊಡುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಗೌರಿ ಹಬ್ಬದ ದಿನ ಚಾಲನೆ ಕೊಟ್ಟರು. ಆಗಿನ ಅಂದಾಜು ವೆಚ್ಚ 23,251 ಕೋಟಿ ರೂಪಾಯಿ. ಸುಮ್ಮನೆ ಕಡಲಿಗೆ ಹರಿದು ವ್ಯರ್ಥವಾಗುವ ನೀರನ್ನು ಉಳಿಸಿದೆವು ಎಂಬುದು ಇದರ ಮಂತ್ರ. ಅಂದರೆ ನೀರು ಕಡಲಿಗೆ ಹೋದರೆ ವ್ಯರ್ಥ, ಮನುಷ್ಯ ಕಡಲಿಗೆ ಹೋದರೆ ಪ್ರವಾಸೋದ್ಯಮ. ಆ ನೀರನ್ನೇ ನಂಬಿ ಕಾಡಿದೆ, ಹೊಳೆಯ ಮೀನಿದೆ, ದಕ್ಷಿಣ ಕನ್ನಡದ ತೋಟ, ಬಾವಿಗಳಿವೆ. ಇದನ್ನು ಹೇಳಿದರೆ ನೀವು ಬಯಲುಸೀಮೆಯ ದ್ವೇಷಿಗಳು ಎನ್ನುತ್ತಾರೆ. ಅಲ್ಲ. ಅವರ ಕೆರೆಗಳು ತುಂಬಲಿ. ಆದರೆ ಗುಡ್ಡವನ್ನು ಕಡಿದು, ಹೊಳೆಯನ್ನು ಎತ್ತಿ, ಅಂಗಳದಲ್ಲಿ ಸುಳ್ಳು ಮಳೆ ಸುರಿಸಿ, ಇದೆಲ್ಲಕ್ಕೂ 'ಸುಸ್ಥಿರ' ಎಂಬ ಒಂದೇ ಚೀಟಿ ಅಂಟಿಸಿದರೆ, ಅಲ್ಲಿಯೇ ಹುಟ್ಟಿದವರಿಗೆ ಹೊಟ್ಟೆ ಉರಿಯುತ್ತದೆ. ಆ ಉರಿಗೆ ಪರಿಭಾಷೆ ಬೇಡ.

ಆರನೆಯ ಅಧ್ಯಾಯದ ಬದಲು ಒಂದು ಅರ್ಜಿ

ಇವರಿಗೆ, ಸಂಬಂಧಪಟ್ಟ ಅಧಿಕಾರಿಗಳು.

ಮಾನ್ಯರೇ, ಘಟ್ಟದ ಮೇಲಿನವರಾದ ನಮಗೆ ಹೊಳೆಯ ಈಜು ಗೊತ್ತು, ಕಡಲಿನದು ಗೊತ್ತಿಲ್ಲ. ಬಯಲುಸೀಮೆಯ ಮಕ್ಕಳಲ್ಲಿ ಎಷ್ಟೋ ಮಂದಿಗೆ ಎರಡೂ ಗೊತ್ತಿಲ್ಲ. ಆದರೂ ನಾವೆಲ್ಲ ಬರುತ್ತೇವೆ, ಬರುತ್ತಲೇ ಇರುತ್ತೇವೆ. ಆದ್ದರಿಂದ ನೀರಿಗಿಳಿಯಬಹುದಾದ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕಿಸಿ. ಸೆಳೆತವಿರುವ ದಿನ ಕೆಂಪು ಬಾವುಟ ಹಾರಿಸಿ, ಅದರ ಅರ್ಥವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಜೀವರಕ್ಷಕರನ್ನು ವರ್ಷಪೂರ್ತಿ ಸಂಬಳ ಕೊಟ್ಟು ಇರಿಸಿ, ದುರಂತ ನಡೆದ ವಾರಕ್ಕೆ ಮಾತ್ರವಲ್ಲ. ಶಾಲೆಯ ಬಸ್ಸು ಬಂದಾಗ ಮಕ್ಕಳ ತಲೆ ಎಣಿಸುವವರು ಮೇಷ್ಟರಲ್ಲದೆ ಮತ್ತೊಬ್ಬರಿರಲಿ. ದೋಣಿಯವರ ಮುಚ್ಚಳಿಕೆ ಕನ್ನಡದಲ್ಲಿರಲಿ, ಅದರಲ್ಲಿ ಅವರ ಹೊಣೆಯೂ ಒಂದು ಸಾಲು ಇರಲಿ.

ಆ ಮುಚ್ಚಳಿಕೆಯ ಪ್ರತಿಯನ್ನು ಈ ಅರ್ಜಿಯ ಜೊತೆ ಲಗತ್ತಿಸಬೇಕಿತ್ತು. ಸಹಿ ಆದ ಮೇಲೆ ಅದನ್ನು ಅವರೇ ಇಟ್ಟುಕೊಳ್ಳುತ್ತಾರೆ, ನಮಗೊಂದು ಕೊಡುವುದಿಲ್ಲ.